ಕರೋಲ್ ಬಾಗಿನ ಮಹಾಶಯರು, ಬ್ಯಾಡಗಿಯ ನಮ್ಮಪ್ಪ

2020ರ ಡಿಸೆಂಬರ್ 3. ಕೊರೋನಾ ಕಾಲ. ಹುಬ್ಬಳ್ಳಿಯ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತಾ ಟೀವಿ ಹಾಕಿದೆ. ಕೆಂಪು ಪೇಟ, ದಪ್ಪ ಬಿಳಿ ಮೀಸೆ, ಕನ್ನಡಕ, ಕೊರಳಲ್ಲಿ ಮುತ್ತಿನ ಸರ. ಮಸಾಲೆ ಪೊಟ್ಟಣದ ಮೇಲಿನ ಅಜ್ಜ ಹೋಗಿಬಿಟ್ಟಿದ್ದರು. ಎಂ.ಡಿ.ಎಚ್. ಮಸಾಲೆಯ ಮಹಾಶಯ ಧರಂಪಾಲ್ ಗುಲಾಟಿ. 97 ವರ್ಷ. ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು ನೋಡಿ, "ಅಯ್ಯ, ನಮ್ಮ ಕರೋಲ್ ಬಾಗಿನ ಅಜ್ಜ ಅಲ್ಲೇನ್ರಿ?" ಅಂದಳು. ನಾವು ಅವರನ್ನು ಒಂದು ಸಲವೂ ಮುಖತಃ ಕಂಡವರಲ್ಲ. ಆದರೂ 'ನಮ್ಮ' ಅನ್ನುವ ಮಾತು ಅವಳ ಬಾಯಲ್ಲಿ ತಾನಾಗಿಯೇ ಬಂತು. ಐದು ವರ್ಷ ಆ ಬಡಾವಣೆಯ ನೀರು ಕುಡಿದವರು ನಾವು.

ಆ ದಿನ ನನಗೆ ನೆನಪಾದದ್ದು ಮಾತ್ರ ಗುಲಾಟಿಯವರಿಗಿಂತ ಹೆಚ್ಚಾಗಿ ನಮ್ಮಪ್ಪ. ಅಪ್ಪನನ್ನೂ ಈ ಮಹಾಶಯರನ್ನೂ ಒಂದೇ ಹಾಳೆಯ ಮೇಲೆ ಯಾಕೆ ಇಡುತ್ತಿದ್ದೇನೆ ಅಂತ ಓದುಗರಿಗೆ ಅನ್ನಿಸಬಹುದು. ಒಬ್ಬರು ಸಾವಿರಾರು ಕೋಟಿಯ ವ್ಯಾಪಾರಿ, ಇನ್ನೊಬ್ಬರು ಅಡತಿ ಅಂಗಡಿಯ ಗುಮಾಸ್ತ. ಇಬ್ಬರ ಬಾಳೂ ಮೆಣಸಿನಕಾಯಿಯ ಘಾಟಿನಲ್ಲೇ ಕಳೆಯಿತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳುವುದಕ್ಕೆ ಇಷ್ಟುದ್ದ ಬರೆಯಬೇಕಾಗಿದೆ.

ನಾನು ದೆಹಲಿಗೆ ಹೋದದ್ದು 1989ರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ 1982ರಲ್ಲಿ ಬ್ಯಾಂಕು ಸೇರಿದವನು. ಬಡ್ತಿ ಬೇಕಾದರೆ ಉತ್ತರಕ್ಕೆ ಹೋಗಬೇಕು ಎಂಬ ನಿಯಮದಂತೆ ಹೊರಟೆ. ಶಾಖೆ ಕರೋಲ್ ಬಾಗಿನಲ್ಲಿ. ಮನೆ ಹುಡುಕುವಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಬೇರೆ ಕಡೆ ಯಾಕ್ ಹುಡುಕ್ತೀರಿ? ಮದ್ರಾಸಿಗಳಿಗೆಲ್ಲ ಕರೋಲ್ ಬಾಗೇ ತವರುಮನೆ" ಅಂದರು. ದೆಹಲಿಯವರ ಲೆಕ್ಕದಲ್ಲಿ ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳೇ ಅನ್ನುವುದು ನಿಮಗೂ ಗೊತ್ತು. ಮಾತು ಮಾತ್ರ ನಿಜವಾಗಿತ್ತು. ಬ್ರಿಟಿಷರ ಕಾಲದ ಕೊನೆಯಿಂದಲೇ ಸರಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ, ಸ್ಟೆನೋಗಳಾಗಿ ಬಂದ ದಕ್ಷಿಣದವರು ಇಲ್ಲಿ ಬಾಡಿಗೆಮನೆ ಹಿಡಿದಿದ್ದರು. ಹೀಗಾಗಿ ಕಾಫಿಪುಡಿ, ಬಾಳೆಎಲೆ, ಕರಿಬೇವು, ಇಡ್ಲಿ ಅಕ್ಕಿ ಎಲ್ಲ ಸಿಗುತ್ತಿತ್ತು. ಪೂಸಾ ರಸ್ತೆಯಲ್ಲಿ ತಮಿಳರ ಶಾಲೆ ಇತ್ತು. ಕನ್ನಡದವರಿಗೆ 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘ ಇತ್ತು. ರಾಜ್ಯೋತ್ಸವ, ನಾಟಕ ಅಂದರೆ ಬಸ್ಸು ಹತ್ತಿ ಹೋಗುತ್ತಿದ್ದೆವು.

ನಮಗೆ ಸಿಕ್ಕ ಮನೆ ನಾಈವಾಲಾ ಗಲ್ಲಿಯಲ್ಲಿ. ಹಿಂದಿಯಲ್ಲಿ ನಾಈ ಅಂದರೆ ಕ್ಷೌರಿಕ. ಊರಿಗೆ ಪತ್ರ ಬರೆದಾಗ ಹಿಂದೆ ವಿಳಾಸ ಬರೆದಿದ್ದೆ. ನಮ್ಮೂರ ಪೋಸ್ಟ್‌ಮನ್ ಅದನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದಿ, "ನಿಮ್ಮ ಮಗ ದಿಲ್ಲ್ಯಾಗ ನಾಯಿವಾಲಾ ಆಗ್ಯಾನ ನೋಡ್ರಿ" ಅಂದನಂತೆ. ಅಪ್ಪ ಸಾಯುವವರೆಗೂ ಈ ತಮಾಷೆ ಮನೆಯಲ್ಲಿ ನಡೆದಿತ್ತು.

ಆ ಮನೆಯ ಯಜಮಾನರು ಗುಜ್ರನ್‌ವಾಲಾದಿಂದ ಬಂದ ನಿರಾಶ್ರಿತರು. ಎಲ್ಲರೂ ಲಾಲಾಜಿ ಅನ್ನುತ್ತಿದ್ದರು. ಕರೋಲ್ ಬಾಗಿನ ಇತಿಹಾಸ ನನಗೆ ಮೊದಲು ಸಿಕ್ಕಿದ್ದು ಅವರ ಚಾರಪಾಯಿಯ ಮೇಲೆ, ಆಮೇಲೆ ಪುಸ್ತಕಗಳಲ್ಲಿ.

ಈ ಬಡಾವಣೆ ಮೊದಲಿನಿಂದಲೂ ಎಬ್ಬಿಸಲ್ಪಟ್ಟವರ ಜಾಗವೇ. ಬ್ರಿಟಿಷರು ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುತ್ತೇವೆಂದು 1911ರಲ್ಲಿ ಸಾರಿದರು. ಹೊಸ ದೆಹಲಿ ಕಟ್ಟುವುದಕ್ಕೆ ಜಾಗ ಬೇಕಾಯಿತು. ಈಗ ನಾವು ಕನಾಟ್ ಪ್ಲೇಸ್ ಅನ್ನುವಲ್ಲಿ ಮಾಧೋಗಂಜ್, ಜಯಸಿಂಗಪುರ, ರಾಜಾ ಕಾ ಬಜಾರ್ ಎಂಬ ಹಳ್ಳಿಗಳಿದ್ದವು. ಅವನ್ನು ಕೆಡವಿ ಅಲ್ಲಿಯ ಜನರನ್ನು ಪಶ್ಚಿಮದ ಕಲ್ಲುಗುಡ್ಡ, ಪೊದೆಗಳ ಈ ಪ್ರದೇಶಕ್ಕೆ ಕಳಿಸಿದರು. ಅದಕ್ಕಿಂತ ಸ್ವಲ್ಪ ಮುಂಚೆ ಇಲ್ಲಿಗೆ ಒಂದು ಒಳ್ಳೆಯ ಕೆಲಸ ಬಂದಿತ್ತು. ದೆಹಲಿಯ ಹೆಸರಾಂತ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರು ಆಯುರ್ವೇದ ಮತ್ತು ಯುನಾನಿ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜು ಕಟ್ಟಲು ಹೊರಟಿದ್ದರು. 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. 1921ರ ಫೆಬ್ರವರಿಯಲ್ಲಿ ಉದ್ಘಾಟಿಸಿದವರು ಮಹಾತ್ಮ ಗಾಂಧಿ. ಅದೇ ವರ್ಷ ಹಕೀಮರು ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಇವತ್ತು ಸೀರೆ, ಬಳೆ, ಬೂಟು ಕೊಳ್ಳಲು ಜನ ಮುಗಿಬೀಳುವ ಅಜ್ಮಲ್ ಖಾನ್ ರಸ್ತೆ ಅವರ ಹೆಸರಿನದೇ.

ಹಕೀಮರು 1927ರಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷಗಳ ನಂತರ ಅವರ ಬಡಾವಣೆಗೆ ಏನಾಯಿತು ಅನ್ನುವುದನ್ನು ನೋಡಲು ಅವರಿರಲಿಲ್ಲ. 1947ರ ಆಗಸ್ಟ್ 17ರಂದು ಗಡಿರೇಖೆ ಪ್ರಕಟವಾಯಿತು. ಸೆಪ್ಟೆಂಬರಿನಲ್ಲಿ ದೆಹಲಿ ಹೊತ್ತಿ ಉರಿಯಿತು. ಕರೋಲ್ ಬಾಗಿನಲ್ಲಿ ಮುಸ್ಲಿಮರ ಮನೆಗಳು ಬಹಳ ಇದ್ದವು. ಅವರು ಜೀವ ಹಿಡಿದುಕೊಂಡು ಪುರಾನಾ ಕಿಲಾ, ಹುಮಾಯೂನನ ಗೋರಿಯ ಶಿಬಿರಗಳಿಗೆ ಓಡಿದರು. ಅಲ್ಲಿಂದ ಎಷ್ಟೋ ಜನ ರೈಲು ಹತ್ತಿ ಪಾಕಿಸ್ತಾನಕ್ಕೆ ಹೋದರು. ದೆಹಲಿಯಿಂದ ಹೊರಬಿದ್ದವರು ಮೂರು ಲಕ್ಷಕ್ಕೂ ಹೆಚ್ಚು. ಆಚೆಯಿಂದ ಬಂದು ಸೇರಿದವರು ಸುಮಾರು ಐದು ಲಕ್ಷ. 1941ರ ಜನಗಣತಿಯಲ್ಲಿ 9.18 ಲಕ್ಷ ಇದ್ದ ದೆಹಲಿ 1951ರಲ್ಲಿ 17.44 ಲಕ್ಷವಾಯಿತು. ಹತ್ತು ವರ್ಷದಲ್ಲಿ ಒಂದು ಊರು ಹೆಚ್ಚು ಕಡಿಮೆ ಎರಡು ಪಟ್ಟಾಗುವುದು, ಅದರಲ್ಲೂ ಹಳಬರಲ್ಲಿ ಇಷ್ಟು ಜನ ಹೊರಟುಹೋಗಿ! ಬ್ಯಾಂಕಿನ ಬ್ಯಾಲೆನ್ಸ್ ಶೀಟಿನಲ್ಲಿ ಇಂಥ ಏರಿಳಿತ ಕಂಡರೆ ಆಡಿಟರು ರಾತ್ರಿ ನಿದ್ದೆ ಮಾಡುವುದಿಲ್ಲ.

ಕಿಂಗ್ಸ್‌ವೇ ಕ್ಯಾಂಪಿನಲ್ಲಿ ಡೇರೆ ಹಾಕಿಕೊಂಡವರು, ಖಾಲಿ ಬಿದ್ದ ಮನೆಗಳಲ್ಲಿ ಹೊಕ್ಕವರು, ಫುಟ್‌ಪಾತಿನಲ್ಲಿ ಅಂಗಡಿ ಹರವಿದವರು. ಕರೋಲ್ ಬಾಗಿನ ಪಕ್ಕದಲ್ಲೇ ರಾಜೇಂದ್ರ ನಗರ, ಪಟೇಲ್ ನಗರ ಎಂದು ನಿರಾಶ್ರಿತರ ಕಾಲೊನಿಗಳು ಎದ್ದವು. ಅವರ ಅಂಗಡಿಗಳಿಗಾಗಿ ಆದ ಮಾರ್ಕೆಟ್ಟಿಗೆ ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರ ಹೆಸರು ಬಂತು. ಪಾಕಿಸ್ತಾನದಿಂದ ಬಂದ ಹಿಂದೂ, ಸಿಖ್ಖರು ವ್ಯಾಪಾರ ಮಾಡುವ ಬೀದಿಗೆ ಅಜ್ಮಲ್ ಖಾನರ ಹೆಸರು, ಮಾರ್ಕೆಟ್ಟಿಗೆ ಗಫಾರ್ ಖಾನರ ಹೆಸರು. ಇದನ್ನು ಲಾಲಾಜಿ ನನಗೆ ತೋರಿಸಿಕೊಟ್ಟಾಗ ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. "ಹೆಸರು ಬದಲಿಸಬಾರದು, ಬಾಬೂಜಿ. ನಮ್ಮ ಊರಲ್ಲಿ ನಮ್ಮ ಬೀದಿಯ ಹೆಸರನ್ನು ಉಳಿಸಿದ್ದಾರೋ ಇಲ್ಲವೋ ಯಾರಿಗೆ ಗೊತ್ತು" ಅಂದಿದ್ದರು.

ನಾವಿದ್ದ ಮನೆಯ ಬಾಗಿಲ ಮೇಲೆ ಗಾರೆಯಲ್ಲಿ ಏನೋ ಕೆತ್ತಿದ್ದನ್ನು ಉಜ್ಜಿ ಅಳಿಸಿದ ಗುರುತಿತ್ತು. ವರ್ಷಾವರ್ಷ ಸುಣ್ಣ ಬಳಿದರೂ ಮಳೆಗಾಲದಲ್ಲಿ ಆ ಗುರುತು ಮತ್ತೆ ಮೇಲೇಳುತ್ತಿತ್ತು. ಅದರ ಬಗ್ಗೆ ನಾನು ಕೇಳಲಿಲ್ಲ. ಲಾಲಾಜಿಯೂ ಹೇಳಲಿಲ್ಲ.

ಹೀಗೆ ಬಂದ ಐದು ಲಕ್ಷದಲ್ಲಿ ಒಬ್ಬರು ಧರಂಪಾಲ್ ಗುಲಾಟಿ. ಹುಟ್ಟಿದ್ದು 1923ರ ಮಾರ್ಚ್ 27, ಸಿಯಾಲ್‌ಕೋಟಿನಲ್ಲಿ. ತಂದೆ ಮಹಾಶಯ ಚುನ್ನಿಲಾಲರು 1919ರಲ್ಲಿ ಅಲ್ಲಿ ಮಸಾಲೆ ಅಂಗಡಿ ಹಾಕಿದ್ದರು. ಹೆಸರು 'ಮಹಾಶಿಯಾಂ ದಿ ಹಟ್ಟಿ', ಅಂದರೆ ಮಹಾಶಯರ ಅಂಗಡಿ. ನಮ್ಮ ಕಡೆ ಹಟ್ಟಿ ಅಂದರೆ ಬೇರೆ, ಪಂಜಾಬಿಯಲ್ಲಿ ಹಟ್ಟಿ ಅಂದರೆ ಅಂಗಡಿ. ಮಹಾಶಯ ಅನ್ನುವುದು ಆರ್ಯ ಸಮಾಜದವರು ಗೌರವದಿಂದ ಹಚ್ಚುತ್ತಿದ್ದ ಮಾತು. ದಯಾನಂದ ಸರಸ್ವತಿಯವರು 1875ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಆ ಸಮಾಜ ಬೇರು ಬಿಟ್ಟದ್ದು ಪಂಜಾಬಿನಲ್ಲಿ. ಕರೋಲ್ ಬಾಗಿನಲ್ಲೂ ಆರ್ಯ ಸಮಾಜ ರಸ್ತೆ ಇದೆ.

ಹುಡುಗ ಓದಿನಲ್ಲಿ ಐದನೆಯ ಇಯತ್ತೆ ದಾಟಲಿಲ್ಲ. ಕನ್ನಡಿ ಮಾರಿದ, ಸಾಬೂನು ಮಾರಿದ, ಬಡಗಿ ಕೆಲಸ, ಬಟ್ಟೆ, ಅಕ್ಕಿ ಎಲ್ಲ ನೋಡಿ ಕೊನೆಗೆ ಅಪ್ಪನ ಅಂಗಡಿಗೇ ಬಂದ. 1941ರಲ್ಲಿ ಮದುವೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ದೇಶ ಒಡೆಯಿತು. ಅಮೃತಸರದ ಶಿಬಿರ ದಾಟಿ 1947ರ ಸೆಪ್ಟೆಂಬರ್ 27ರಂದು ದೆಹಲಿ ಮುಟ್ಟಿದರು. ಕರೋಲ್ ಬಾಗಿನಲ್ಲಿ ಆಸರೆ ಸಿಕ್ಕ ಮನೆಗೆ ನೀರಿಲ್ಲ, ಕರೆಂಟಿಲ್ಲ, ಪಾಯಖಾನೆಯಿಲ್ಲ. ಕೈಯಲ್ಲಿ ತಂದೆ ಕೊಟ್ಟ 1,500 ರೂಪಾಯಿ. ಅದರಲ್ಲಿ 650 ಕೊಟ್ಟು ಒಂದು ಟಾಂಗಾ ಕೊಂಡರು. ಹೊಸ ದೆಹಲಿ ಸ್ಟೇಷನ್ನಿನಿಂದ ಕುತುಬ್ ರಸ್ತೆಗೆ, ಕರೋಲ್ ಬಾಗಿನಿಂದ ಬಾಡಾ ಹಿಂದೂರಾವ್‌ಗೆ, ಸವಾರಿಗೆ ಎರಡಾಣೆ. ಕೆಲ ಕಾಲ ಓಡಿಸಿ, ಇದು ನನ್ನ ಕೆಲಸವಲ್ಲ ಅಂತ ಟಾಂಗಾ ಬಿಟ್ಟರು. 1948ರಲ್ಲಿ ಅಜ್ಮಲ್ ಖಾನ್ ರಸ್ತೆಯಲ್ಲಿ ಹದಿನಾಲ್ಕು ಅಡಿಗೆ ಒಂಬತ್ತು ಅಡಿಯ ಕಟ್ಟಿಗೆಯ ಗೂಡಂಗಡಿ. ಬೋರ್ಡಿನ ಮೇಲೆ ಸಿಯಾಲ್‌ಕೋಟಿನ ಅದೇ ಹೆಸರು, 'ದೇಗೀ ಮಿರ್ಚಿಯವರು' ಎಂಬ ಅದೇ ಗುರುತು. 1953ರಲ್ಲಿ ಚಾಂದನಿ ಚೌಕದಲ್ಲಿ ಇನ್ನೊಂದು ಅಂಗಡಿ, 1959ರಲ್ಲಿ ಕೀರ್ತಿ ನಗರದಲ್ಲಿ ಕಾರ್ಖಾನೆಗೆ ಜಾಗ. ಮುಂದಿನದು ನಿಮ್ಮ ಅಡಿಗೆಮನೆಯ ಕಪಾಟಿನಲ್ಲೇ ಇದೆ.

ನಾನು ಸಾಲದ ಅರ್ಜಿಗಳನ್ನು ನೋಡಿಯೇ ಆಯುಷ್ಯ ಕಳೆದವನು. ಆದ್ದರಿಂದ ಈ ಲೆಕ್ಕವನ್ನು ಸ್ವಲ್ಪ ಬೇರೆ ಥರ ನೋಡುತ್ತೇನೆ. ಇದ್ದ ದುಡ್ಡಿನಲ್ಲಿ ಶೇಕಡಾ 43ರಷ್ಟನ್ನು ಬರದ ಕಸುಬಿಗೆ ಹಾಕಿದ ಮನುಷ್ಯ. ಅದನ್ನು ಕೆಲವೇ ತಿಂಗಳಲ್ಲಿ ಕೈಬಿಟ್ಟವನು. ಶಾಲೆ ಬಿಟ್ಟವನು, ಅಡವಿಗೆ ಆಸ್ತಿ ಇಲ್ಲ, ವಿಳಾಸ ಖಾಯಂ ಅಲ್ಲ. 1990ರಲ್ಲಿ ಇಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಾನು 'ವಿಷಾದಿಸುತ್ತೇವೆ' ಅಂತ ಬರೆದು ಸಹಿ ಹಾಕುತ್ತಿದ್ದೆ. ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದೇನು? ಸಾಲಗಾರನಲ್ಲಿ ಮೊದಲು ನೋಡಬೇಕಾದ್ದು ನಡತೆ, ಆಮೇಲೆ ಸಾಮರ್ಥ್ಯ, ಆಮೇಲೆ ಬಂಡವಾಳ. ಆದರೆ ಬಂಡವಾಳಕ್ಕೆ ಕಾಗದ ಇರುತ್ತದೆ, ನಡತೆಗೆ ಇರುವುದಿಲ್ಲ. ಹಾಗಾಗಿ ನಾವು ನೋಡುತ್ತಿದ್ದದ್ದು ಕಾಗದವನ್ನೇ. ಇದು ಸರಕಾರಕ್ಕೂ ತಿಳಿದಿದ್ದರಿಂದಲೇ ಇರಬೇಕು, 1948ರಲ್ಲಿ ಕಾಯಿದೆ ಮಾಡಿ ನಿರಾಶ್ರಿತರಿಗೆ ಸಾಲ ಕೊಡುವುದಕ್ಕೆ ಪುನರ್ವಸತಿ ಹಣಕಾಸು ಆಡಳಿತ ಎಂಬ ಬೇರೆ ಸಂಸ್ಥೆಯನ್ನೇ ಹುಟ್ಟುಹಾಕಿತು.

ಕರೋಲ್ ಬಾಗಿನ ಹಳೆಯ ಅಂಗಡಿಕಾರರಲ್ಲಿ ಒಂದು ಗುಣ ಕಂಡಿದ್ದೇನೆ. ಆಚೆಯ ಊರಿನ ಹೆಸರನ್ನು ಬೋರ್ಡಿನಿಂದ ತೆಗೆಯುವುದಿಲ್ಲ. ಲಾಹೋರಿನವರು, ಮುಲ್ತಾನಿನವರು, ಸಿಯಾಲ್‌ಕೋಟಿನವರು. ಊರು ಹೋಯಿತು, ಮನೆ ಹೋಯಿತು, ಹೆಸರನ್ನು ಮಾತ್ರ ಹೊತ್ತು ತಂದರು. ಗಿರಾಕಿಯೂ ಆಚೆಯಿಂದಲೇ ಬಂದವನು. ಬೋರ್ಡು ಓದಿದ ಕೂಡಲೇ, "ಅರೆ, ಇವರು ನಮ್ಮ ಸಿಯಾಲ್‌ಕೋಟಿನ ಮಹಾಶಯರಲ್ಲವೆ" ಅಂತ ಒಳಗೆ ಬರುತ್ತಾನೆ. ನಾವು ಬ್ಯಾಂಕಿನವರು ಇದಕ್ಕೆ ಗುಡ್‌ವಿಲ್ ಅನ್ನುತ್ತೇವೆ. ಗುಲಾಟಿಯವರ ನಿಷ್ಠೆ ಅಪ್ಪನ ಅಂಗಡಿಯ ಹೆಸರಿಗೆ. ಮುಂದೆ ಜನಕಪುರಿಯಲ್ಲಿ ಆಸ್ಪತ್ರೆ ಕಟ್ಟಿಸಿದಾಗ ತಾಯಿ ಚನನ್ ದೇವಿಯ ಹೆಸರಿಟ್ಟರು. ಧರ್ಮಾರ್ಥ ಟ್ರಸ್ಟಿಗೆ ತಂದೆಯ ಹೆಸರು. ಪೊಟ್ಟಣದ ಮೇಲೆ ತನ್ನ ಫೋಟೋ ಹಾಕಿಕೊಂಡರಲ್ಲ ಅಂತ ಕೆಲವರು ನಗುತ್ತಾರೆ, ನಾನೂ ನಕ್ಕಿದ್ದುಂಟು. ಆದರೆ ಫೋಟೋದ ಕೆಳಗಿನ ಮೂರಕ್ಷರ ಅಪ್ಪನ ಹಟ್ಟಿಯದು.

ಈಗ ನಮ್ಮಪ್ಪನ ವಿಚಾರ. ಊರು ಬ್ಯಾಡಗಿ. ಆಗ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ. ಬ್ಯಾಡಗಿ ಮೆಣಸಿನಕಾಯಿ ಗೊತ್ತಿಲ್ಲದ ಕನ್ನಡದ ಅಡಿಗೆಮನೆ ಇಲ್ಲ. ಸುಕ್ಕು ಸುಕ್ಕು ಕಾಯಿ, ಖಾರ ಕಡಿಮೆ, ಬಣ್ಣ ಗಾಢ ಕೆಂಪು. ಆ ಬಣ್ಣಕ್ಕಾಗಿಯೇ ಉತ್ತರದ ಮಸಾಲೆ ತಯಾರಕರೂ ನಮ್ಮೂರಿನಿಂದ ಕೊಳ್ಳುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಸೋಮವಾರ, ಗುರುವಾರ ಪೇಟೆ. ಸುಗ್ಗಿಯಲ್ಲಿ ಊರಿಗೆ ಊರೇ ಕೆಂಪು. ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಸೀನು ಬಾರದೆ ಓಡಾಡುವವನನ್ನು ನೋಡಿದರೆ ಊರಿನವನು ಅಂತ ಗೊತ್ತಾಗುತ್ತದೆ.

ಅಪ್ಪ ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ. ಶಾಲೆಯ ದಾಖಲೆಯಲ್ಲಿ 1923. ಹದಿನಾಲ್ಕಕ್ಕೆ ಅಡತಿ ಅಂಗಡಿಯೊಂದರಲ್ಲಿ ಹುಡುಗನಾಗಿ ಸೇರಿ, ಬರಬರುತ್ತಾ ಖಾತೆ ಬರೆಯುವ ಗುಮಾಸ್ತನಾದರು. ಒಂದೇ ಅಂಗಡಿ, ಅರವತ್ತೊಂದು ವರ್ಷ. ಸಾಹುಕಾರರು ಬದಲಾದರು, ಅಜ್ಜ ಹೋಗಿ ಮಗ, ಮಗ ಹೋಗಿ ಮೊಮ್ಮಗ. ಗುಮಾಸ್ತ ಬದಲಾಗಲಿಲ್ಲ. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ, ಅಂಗಡಿ. ವರ್ಷಕ್ಕೊಮ್ಮೆ ಕಾಗಿನೆಲೆ. ಐದು ಮಕ್ಕಳನ್ನು ಓದಿಸಿದ್ದು, ತಂಗಿಯರ ಮದುವೆ ಮಾಡಿದ್ದು, ಸತ್ತ ತಮ್ಮನ ಸಂಸಾರ ನಡೆಸಿದ್ದು ಎಲ್ಲ ಆ ಸಂಬಳದಲ್ಲೇ. ರೈತರು ತೂಕದ ಚೀಟಿಯನ್ನು ಅಪ್ಪನ ಕೈಯಿಂದ ಪಡೆದರೆ ಮತ್ತೆ ಎಣಿಸುತ್ತಿರಲಿಲ್ಲ.

1990ರಲ್ಲಿ ಅವ್ವ ತೀರಿಹೋದಳು. ಅಣ್ಣಂದಿರು ಬೇರೆ ಬೇರೆ ಊರಲ್ಲಿ. ಅಪ್ಪ ಒಬ್ಬರೇ ಆಗಿಬಿಟ್ಟರು. "ಇನ್ನ ಸಾಕ್ರಿ, ನನ್ನ ಹತ್ರ ಬಂದುಬಿಡ್ರಿ" ಅಂತ ಗಂಟುಬಿದ್ದು 1991ರ ನವೆಂಬರಿನಲ್ಲಿ ಕರೋಲ್ ಬಾಗಿಗೆ ಕರೆತಂದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ. ಜೊತೆಗೆ ಕಂಬಳಿ, ರೊಟ್ಟಿಯ ಬುತ್ತಿ, ಐದು ಕಿಲೋ ಮೆಣಸಿನಕಾಯಿ.

ದೆಹಲಿಯ ಚಳಿ ಅವರನ್ನು ಕುಗ್ಗಿಸಿತು. ಭಾಷೆ ಬಾರದು. ನಾನು ಒಂಬತ್ತಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುವವನು. ಬಾಗಿಲಲ್ಲಿ ಕೂತು ಗಲ್ಲಿ ನೋಡುತ್ತಿದ್ದರು. ಒಂದು ದಿನ ತಾವಾಗಿಯೇ ಹೊರಟು ಅಜ್ಮಲ್ ಖಾನ್ ರಸ್ತೆಯವರೆಗೆ ಹೋಗಿದ್ದಾರೆ. ಸಂಜೆ ನಾನು ಬಂದಾಗ ಮುಖದಲ್ಲಿ ಬೇರೆಯೇ ಕಳೆ. "ಇವತ್ತ ನಮ್ಮೂರ ಕಾಯಿ ಸಿಕ್ಕಿತ್ತಪಾ" ಅಂದರು. ಯಾವುದೋ ಮಸಾಲೆ ಅಂಗಡಿಯ ಮುಂದೆ ಚೀಲ ಕಂಡಿದೆ. ಒಂದು ಕಾಯಿ ಎತ್ತಿ, ಮುರಿದು, ಬೀಜ ಅಲ್ಲಾಡಿಸಿ, ಮೂಸಿ ನೋಡಿದ್ದಾರೆ. ಅಂಗಡಿಯವನು ಮೊದಲು ಗದರಿದನಂತೆ. ಇವರು ಎದೆ ಮುಟ್ಟಿಕೊಂಡು "ಬ್ಯಾಡಗಿ, ಬ್ಯಾಡಗಿ" ಅಂದಾಗ ಅವನಿಗೆ ಅರ್ಥವಾಗಿ, ಸ್ಟೂಲ್ ಹಾಕಿ ಚಹಾ ಕೊಟ್ಟನಂತೆ. ಆಮೇಲೆ ದಿನವೂ ಅಲ್ಲಿಗೆ. ಒಬ್ಬ ಪಂಜಾಬಿ, ಒಬ್ಬ ಕನ್ನಡ. ಮಾತೆಲ್ಲ ಕೈಸನ್ನೆಯಲ್ಲಿ ಮತ್ತು ಅಂಕಿಯಲ್ಲಿ. ಯಾವ ಚೀಲದಲ್ಲಿ ಹಳೆಯ ಮಾಲು ಬೆರೆಸಿದ್ದಾರೆ ಅನ್ನುವುದನ್ನು ಅಪ್ಪ ಹೊರಗಿನಿಂದ ಮುಟ್ಟಿಯೇ ಹೇಳುತ್ತಿದ್ದರು.

ಮನೆಯಲ್ಲಿದ್ದ ಎಂ.ಡಿ.ಎಚ್. ಪೊಟ್ಟಣದ ಚಿತ್ರ ತೋರಿಸಿ, "ಈ ಹಿರ್ಯಾ ಯಾರು?" ಅಂತ ಕೇಳಿದ್ದರು. ಲಾಲಾಜಿಯಿಂದ ಕೇಳಿದ್ದ ಟಾಂಗಾದ ಕಥೆ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಪಾಪ, ತಿರುಗಿ ಹೋಗಾಕ ಊರ ಇರಲಿಲ್ಲಲ್ಲ" ಅಂದರು. ನಾನು ಹೇಳಿದ್ದು ಒಬ್ಬ ದೊಡ್ಡ ಶ್ರೀಮಂತನ ಕಥೆ. ಅವರಿಗೆ ಕೇಳಿಸಿದ್ದು ಇಷ್ಟು.

ಜನವರಿಯಲ್ಲಿ ಅಂಗಡಿಯಿಂದ ಪತ್ರ ಬಂತು. ಸುಗ್ಗಿ ಶುರುವಾಗಿದೆ, ಖಾತೆ ಹಿಡಿಯುವವರಿಲ್ಲ ಅಂತ. ಅಪ್ಪ ಟ್ರಂಕು ಕಟ್ಟತೊಡಗಿದರು. ನನಗೆ ಸಿಟ್ಟು ಬಂತು. ವಯಸ್ಸು 68, ಒಬ್ಬರೇ ಬೇಯಿಸಿಕೊಂಡು ತಿನ್ನುವುದು ಯಾರಿಗಾಗಿ? ಅವತ್ತು ನಾನೊಂದು ಮಾತು ಅಂದೆ. "ಅಪ್ಪಾ, ಅದು ನಿಮ್ಮ ಅಂಗಡಿ ಅಲ್ಲ. ಸಾಹುಕಾರಂದು. ನೀವು ಅಲ್ಲಿ ಪಗಾರಿ ಆಳು."

ಅಪ್ಪ ಉತ್ತರ ಕೊಡಲಿಲ್ಲ. ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಜನಿವಾರದ ಹಾಗೆ ಇಳಿಬಿಟ್ಟಿದ್ದ ದಾರಕ್ಕೆ ಕಟ್ಟಿಕೊಂಡರು. ಜಗಳ ಕೇಳಿಸಿದ್ದ ಲಾಲಾಜಿ ರಾತ್ರಿ ನನ್ನನ್ನು ಮೇಲಿನ ಚಾವಣಿಗೆ ಕರೆದರು. ಬಹಳ ಮಾತಾಡಲಿಲ್ಲ. "ಬಾಬೂಜಿ, ನಲವತ್ತೈದು ವರ್ಷದಿಂದ ನನಗೆ ಕನಸಿನಲ್ಲಿ ಗುಜ್ರನ್‌ವಾಲಾದ ನಮ್ಮ ಬಾಗಿಲು ಕಾಣುತ್ತದೆ. ನಿಮ್ಮ ತಂದೆಗೆ ಟಿಕೆಟ್ ತೆಗೆದರೆ ಸಿಗುವ ಬಾಗಿಲದು. ತೆಗೆದುಕೊಡಿ" ಅಂದರು. ಫೆಬ್ರವರಿಯಲ್ಲಿ ಟಿಕೆಟ್ ತೆಗೆದುಕೊಟ್ಟೆ.

ಅಪ್ಪ ಮತ್ತೆ ಏಳು ವರ್ಷ ಖಾತೆ ಬರೆದರು. ಅಂಗಡಿಗೆ ಕಂಪ್ಯೂಟರು ಬಂತು, ಕಣ್ಣಿಗೆ ಪೊರೆ ಬಂತು, ಬಿಟ್ಟರು. ಬಿಟ್ಟ ಮೇಲೂ ಸೋಮವಾರ, ಗುರುವಾರ ಅಲ್ಲಿ ಹೋಗಿ ಕೂರುತ್ತಿದ್ದರು. ನಾನು ದೆಹಲಿಯಿಂದ ಮುಂಬಯಿ, ಅಲ್ಲಿಂದ ಕೊಲ್ಕತ್ತ ಅಂತ ಊರೂರು ತಿರುಗಿದೆ. ವರ್ಷಕ್ಕೆ ಒಂದು ಸಲ, ಕೆಲವು ವರ್ಷ ಅದೂ ಇಲ್ಲ. ಆ ಮಾತಿಗೆ ಕ್ಷಮೆ ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಅಪ್ಪ-ಮಗನ ನಡುವೆ ಕ್ಷಮೆ ಕೇಳುವ ರೂಢಿ ನಮ್ಮ ಕಡೆ ಇಲ್ಲ, ಇದ್ದರೆ ಚೆನ್ನಾಗಿತ್ತು. 2012ರಲ್ಲಿ ಅಪ್ಪ ಹೋದಾಗ ನಾನು ಕೊಲ್ಕತ್ತದಲ್ಲಿದ್ದೆ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು. ಹೆಗಲು ಕೊಟ್ಟವರು ಅಣ್ಣಂದಿರು ಮತ್ತು ಆ ಅಂಗಡಿಯ ಈಗಿನ ಸಾಹುಕಾರ. ಆ ದಿನ ಅಂಗಡಿಯ ಕದ ಹಾಕಿದ್ದರಂತೆ. ಪೇಟೆಯ ದಿನ, ಸುಗ್ಗಿಯಲ್ಲಿ. ಯಾರದು ಆ ಅಂಗಡಿ ಅನ್ನುವ ನನ್ನ ಪ್ರಶ್ನೆಗೆ ಅದೇ ಉತ್ತರ ಇರಬೇಕು.

ಗುಲಾಟಿಯವರು ತೊಂಬತ್ತು ದಾಟಿದ ಮೇಲೂ ಕಾರ್ಖಾನೆಗೆ ಹೋಗುತ್ತಿದ್ದರು ಅಂತ ಪತ್ರಿಕೆಗಳಲ್ಲಿ ಓದಿದಾಗ ಬೇರೆಯವರು ಆಶ್ಚರ್ಯಪಟ್ಟರು. ನನಗೆ ಆಗಲಿಲ್ಲ. 2016-17ರಲ್ಲಿ ಅವರ ಸಂಬಳ 21 ಕೋಟಿ ದಾಟಿತ್ತು, ಬಹುಭಾಗ ದಾನಕ್ಕೆ ಹೋಗುತ್ತದೆ ಅಂತ ಅವರು ಹೇಳುತ್ತಿದ್ದರು. 2019ರಲ್ಲಿ ಪದ್ಮಭೂಷಣ ಬಂತು. ಅವರನ್ನು ದೇವರು ಮಾಡುವುದು ನನ್ನ ಉದ್ದೇಶವಲ್ಲ. ಒಬ್ಬ ಗೆದ್ದವನ ಕಥೆಯ ಹಿಂದೆ ಟಾಂಗಾದಲ್ಲೇ ಮುದುಕರಾದ ಎಷ್ಟೋ ಜನ ಇರುತ್ತಾರೆ, ಅವರ ಚಿತ್ರ ಯಾವ ಪೊಟ್ಟಣದ ಮೇಲೂ ಬರುವುದಿಲ್ಲ. ಅವರು ಹೋದ ಮೇಲೆ, 2024ರ ಏಪ್ರಿಲಿನಲ್ಲಿ, ಹಾಂಗ್‌ಕಾಂಗಿನ ಆಹಾರ ಸುರಕ್ಷತಾ ಇಲಾಖೆ ಕಂಪನಿಯ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆ ಅಂತ ಮಾರಾಟ ನಿಲ್ಲಿಸಿತು, ಕಂಪನಿ ಆರೋಪ ಅಲ್ಲಗಳೆಯಿತು. ಹಿರಿಯರು ಬಿಟ್ಟುಹೋದ ಹೆಸರನ್ನು ಕಾಯುವುದು ಮುಂದಿನವರ ಪಾಲಿನ ಕೆಲಸ. ಅದು ಯಾರಿಗೂ ಸುಲಭವಲ್ಲ. ನಮ್ಮ ಬ್ಯಾಂಕನ್ನೇ ನೋಡಿ. ಅಷ್ಟು ದಶಕದ ಹೆಸರು, ನಾನು ನಿವೃತ್ತನಾದ ಮರುವರ್ಷ, 2020ರ ಏಪ್ರಿಲ್ 1ರಂದು ವಿಲೀನವಾಗಿ ಅಳಿಸಿಹೋಯಿತು. ನನ್ನ ಪಿಂಚಣಿ ಈಗ ಬೇರೆ ಹೆಸರಿನಿಂದ ಬರುತ್ತದೆ. ಕಟ್ಟಿಗೆಯ ಗೂಡಂಗಡಿಯ ಹೆಸರು ಉಳಿಯಿತು.

2023ರ ಫೆಬ್ರವರಿಯಲ್ಲಿ ದೆಹಲಿ ಕರ್ನಾಟಕ ಸಂಘದ ಅಮೃತ ಮಹೋತ್ಸವಕ್ಕೆ ಹೋದಾಗ ಕರೋಲ್ ಬಾಗಿಗೂ ಹೋಗಿಬಂದೆ. 2005ರ ಕೊನೆಯಲ್ಲಿ ಶುರುವಾದ ಮೆಟ್ರೋ ಈಗ ತಲೆಯ ಮೇಲೆ ಓಡುತ್ತದೆ. ಅಜ್ಮಲ್ ಖಾನ್ ರಸ್ತೆಯಲ್ಲಿ 2019ರಿಂದ ವಾಹನ ಬಿಡುವುದಿಲ್ಲ, ನಡೆದೇ ಹೋಗಬೇಕು. ಅಪ್ಪ ಕೂರುತ್ತಿದ್ದ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ನಾಈವಾಲಾ ಗಲ್ಲಿಯ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದ್ದಾರೆ. ಬಾಗಿಲ ಮೇಲಿನ ಆ ಗುರುತೂ ಹೋಗಿದೆ. ಆ ಮನೆಯ ಮೊದಲಿನ ಯಜಮಾನ ಕರಾಚಿಯಲ್ಲೋ ಲಾಹೋರಿನಲ್ಲೋ ಮೊಮ್ಮಕ್ಕಳಿಗೆ ಕರೋಲ್ ಬಾಗಿನ ಬಾಗಿಲಿನ ವಿಷಯ ಹೇಳಿರಬಹುದು ಅಂತ ಅವತ್ತು ಮೊದಲ ಬಾರಿ ನನಗೆ ಅನ್ನಿಸಿತು. ಐದು ವರ್ಷ ಅದೇ ಬಾಗಿಲಲ್ಲಿ ಓಡಾಡಿದವನಿಗೆ ಈ ವಿಚಾರ ಆಗಲೇ ಬರಬೇಕಿತ್ತು.

ನನಗೀಗ 66. ಮಗಳು ಕೆನಡಾದಲ್ಲಿದ್ದಾಳೆ. ಪ್ರತಿ ಭಾನುವಾರ ಫೋನು. "ಅಪ್ಪಾ, ಇಬ್ಬರೇ ಅಲ್ಲಿದ್ದು ಏನ್ ಮಾಡ್ತೀರಿ? ಬಂದುಬಿಡ್ರಿ" ಅಂತಾಳೆ. ನಾನು 1991ರಲ್ಲಿ ಆಡಿದ ಮಾತುಗಳೇ, ಒಂದಕ್ಷರ ಹೆಚ್ಚು ಕಡಿಮೆಯಿಲ್ಲ. ಹೋದ ತಿಂಗಳು ಅವಳಿಗೆ ಹೇಳಿದೆ: ಬರ್ತೇವಿ ಮಗಾ, ಆರು ತಿಂಗಳಿಗೆ. ಆದರೆ ಎರಡೂ ಕಡೆಯ ಟಿಕೆಟ್ ಈಗಲೇ ತೆಗೆದುಬಿಡು. ಅವಳು ನಕ್ಕು, ಯಾಕ್ ಅಷ್ಟ್ ಅವಸರ ಅಂದಳು. ಅವಳಿಗೆ ಅಜ್ಜನ ಟ್ರಂಕಿನ ಕಥೆ ನಾನಿನ್ನೂ ಹೇಳಿಲ್ಲ. ಅಲ್ಲಿ ಹೋದಾಗ ಹೇಳಬೇಕು. ಸಾಮಾನಿನಲ್ಲಿ ಒಂದು ಕಿಲೋ ಬ್ಯಾಡಗಿ ಕಾಯಿ ಇಡಲು ಹೆಂಡತಿಗೆ ಹೇಳಿದ್ದೇನೆ.